ಶಶಿಕಲಾಳ ಸಾವಿರದ ಆರುನೂರು

ಚಾಮರಾಜಪೇಟೆಯ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ನಾನು ವಾರ್ಡನ್ ಆಗಿ ಬಂದಾಗ ಶಶಿಕಲಾ ಅಲ್ಲಿ ಆಗಲೇ ಹನ್ನೊಂದು ವರ್ಷದಿಂದ ಅಡುಗೆ ಮಾಡುತ್ತಿದ್ದಳು. ತೊಂಬತ್ತು ಹುಡುಗಿಯರು, ಮೂರು ಹೊತ್ತಿನ ಅಡುಗೆ. ಅವಳ ಕೈ ಅಳತೆ ಎಂಥದ್ದೆಂದರೆ, ಇವತ್ತು ಎಪ್ಪತ್ತೆರಡು ಜನ ಊಟಕ್ಕಿದ್ದಾರೆ ಎಂದು ಹೇಳಿದರೆ ಸಾಕು, ಮೂಟೆಗೆ ಕೈ ಹಾಕಿ ಬೊಗಸೆಯಲ್ಲೇ ಅಕ್ಕಿ ತೆಗೆಯುವಳು. ಹೊಸದರಲ್ಲಿ ನನಗೆ ನಂಬಿಕೆ ಬರದೆ ಎರಡು ಸಲ ತೂಕಕ್ಕೆ ಹಾಕಿಸಿದೆ. ವ್ಯತ್ಯಾಸ ಒಂದು ಹಿಡಿಯಷ್ಟೂ ಇರಲಿಲ್ಲ. ಮೂರನೇ ಸಲ ಕೇಳಲು ನನಗೇ ನಾಚಿಕೆಯಾಯಿತು.

ಇಷ್ಟು ಅಳತೆ ಗೊತ್ತಿದ್ದವಳಿಗೆ ತನ್ನ ಊಟದ ಅಳತೆ ಮಾತ್ರ ಗೊತ್ತಿರಲಿಲ್ಲ. ಅದರಲ್ಲಿ ನನ್ನ ಪಾಲೂ ಇತ್ತು. ಹುಡುಗಿಯರ ಊಟ ಮುಗಿದ ಮೇಲೆ ಪಾತ್ರೆಯ ತಳದಲ್ಲಿ ಉಪ್ಪಿಟ್ಟೋ ಚಿತ್ರಾನ್ನವೋ ಉಳಿದರೆ, "ಶಶಿ, ಚೆಲ್ಲಬೇಡ ಕಣೇ, ನೀನೇ ಮುಗಿಸ್ಬಿಡು" ಎನ್ನುತ್ತಿದ್ದವಳು ನಾನೇ. ಅವಳು ನಿಂತಲ್ಲೇ ಸೌಟಿನಿಂದ ಎರಡು ತುತ್ತು, ನಾಲ್ಕು ತುತ್ತು ತಿಂದು ಪಾತ್ರೆಗೆ ನೀರು ಬಿಡುವಳು. ಅನ್ನ ಚೆಲ್ಲುವುದೆಂದರೆ ಅವಳಿಗೂ ಸಂಕಟ. ಅವಳ ತಾಯಿ ಮಾರಕ್ಕ ಮೂವತ್ತು ವರ್ಷ ಇದೇ ಪೇಟೆಯ ಬೀದಿಗಳನ್ನು ಗುಡಿಸಿ ಮಕ್ಕಳನ್ನು ಸಾಕಿದವರು. ಒಂದು ಹೊತ್ತಿನ ಊಟ ಎಲ್ಲಿಂದ ಬರುತ್ತದೆ ಎಂಬುದು ಆ ಮನೆಯಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಶಶಿ ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಆಗ ತಮ್ಮ ನಂದೀಶ ಇನ್ನೂ ಹೈಸ್ಕೂಲಿನಲ್ಲಿದ್ದ. ಅವನನ್ನು ಓದಿಸಿದವಳು ಅವಳು. ದೊಡ್ಡವನಾದ ಮೇಲೆ ಅವನು ಮಾಮೂಲ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಅಕ್ಷರ ಜೋಡಿಸುವುದರಲ್ಲಿ, ಬಣ್ಣ ಆರಿಸುವುದರಲ್ಲಿ ಒಳ್ಳೆಯ ಹೆಸರು ಮಾಡಿದ. ಮೂವತ್ತಾರು ವರ್ಷವಾಗಿತ್ತು, ಹೆಣ್ಣು ನೋಡುವ ಮಾತು ನಡೆದಿತ್ತು. ಆಗಲೇ ಅವನ ಕಾಲು ಊದಿಕೊಳ್ಳತೊಡಗಿತು. ಎಂದೂ ನೋಡಿಸದ ಬಿಪಿ ಒಳಗೊಳಗೇ ಎರಡೂ ಕಿಡ್ನಿಗಳನ್ನು ತಿಂದುಹಾಕಿತ್ತು.

ವಾರಕ್ಕೆ ಮೂರು ದಿನ ಡಯಾಲಿಸಿಸ್ ಶುರುವಾಯಿತು. ಬೇಕಾದಷ್ಟು ನೀರು ಕುಡಿಯುವಂತಿಲ್ಲ, ಹಣ್ಣು ತಿನ್ನುವಂತಿಲ್ಲ. ಹೊಸ ಕಿಡ್ನಿ ಸಿಕ್ಕರೆ ಮೊದಲಿನಂತೆ ಬದುಕಬಹುದು ಎಂದರು ಡಾಕ್ಟರು. ಮಾರಕ್ಕನಿಗೆ ಸಕ್ಕರೆ ಕಾಯಿಲೆ, ಅವರು ಕೊಡುವಂತಿರಲಿಲ್ಲ. ಉಳಿದವಳು ಶಶಿ. "ನಾನಿದೀನಲ್ಲ" ಎಂದಳಂತೆ, ಉಪ್ಪು ಸಾಲ ಕೇಳಿದವರಿಗೆ ಹೇಳುವ ಹಾಗೆ. ರಕ್ತದ ಗುಂಪು ಹೊಂದಿತು. ಉಳಿದ ಪರೀಕ್ಷೆಗೆ ಹೋದ ದಿನ ನರ್ಸು ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಎಂಬತ್ತಾರು ಕೆಜಿ. ಎತ್ತರ ಐದಡಿ ಎರಡಂಗುಲ.

"ಎಪ್ಪತ್ತೈದಕ್ಕೆ ಬನ್ನಿ, ಆಮೇಲೆ ನೋಡೋಣ" ಎಂದರು ಡಾಕ್ಟರು. "ಈ ತೂಕದಲ್ಲಿ ಆಪರೇಷನ್ ನಿಮಗೇ ಕಷ್ಟ. ಮುಂದೆ ನೀವು ಒಂದೇ ಕಿಡ್ನಿಯಲ್ಲಿ ಬಾಳಬೇಕು. ನಿಮ್ಮ ಸಕ್ಕರೆನೂ ಗಡಿ ಹತ್ರ ಬಂದು ನಿಂತಿದೆ. ತಮ್ಮನ್ನ ಉಳಿಸೋಕೆ ಹೋಗಿ ನಿಮ್ಮನ್ನ ರೋಗಿ ಮಾಡೋಕಾಗಲ್ಲ."

ಹನ್ನೊಂದು ಕೆಜಿ ಎಂಬ ಒಂದೇ ಮಾತು ಶಶಿಯ ತಲೆಯಲ್ಲಿ ಕೂತಿತು. ಹೇಗೆ ಇಳಿಸಬೇಕು ಎಂದು ಅವಳು ಯಾರನ್ನೂ ಕೇಳಲಿಲ್ಲ. ಆ ಆಸ್ಪತ್ರೆಯಲ್ಲಿ ಅದನ್ನು ಹೇಳಿಕೊಡುವವರು ಇದ್ದಾರೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ.

ಮಾರನೆಯ ದಿನದಿಂದ ಬೆಳಗ್ಗೆ ನಿಂಬೆಹಣ್ಣಿನ ಬಿಸಿನೀರು, ಮಧ್ಯಾಹ್ನ ಎರಡು ಸೌತೆಕಾಯಿ, ರಾತ್ರಿ ಒಂದೇ ಒಂದು ಚಪಾತಿ. ಯಾರದೋ ಮೊಬೈಲಿನಲ್ಲಿ ಬಂದದ್ದನ್ನು ನಂಬಿದ್ದಳು. ಮೊದಲ ವಾರವೇ ಎರಡೂವರೆ ಕೆಜಿ ಇಳಿಯಿತು. ಕುಣಿದಾಡಿಬಿಟ್ಟಳು. "ಮೇಡಂ, ಒಂದೂವರೆ ತಿಂಗಳು ಸಾಕು, ಮುಗಿಸ್ಬಿಡ್ತೀನಿ" ಎಂದಳು. ನಾನು ಭೇಷ್ ಎಂದೆ. ಅವಳ ಮುಖ ಬಿಳಿಚಿದ್ದು, ಮಾತಿಗೆ ಮುಂಚೆ ಸಿಡುಕುತ್ತಿದ್ದದ್ದು, ಬಾಚಿದರೆ ಕೂದಲು ಕೈತುಂಬ ಬರುತ್ತಿದ್ದದ್ದು ನನಗೂ ಕಾಣುತ್ತಿತ್ತು. ತಮ್ಮನ ಚಿಂತೆ ಎಂದುಕೊಂಡೆ.

ಮೂರನೇ ವಾರದ ಒಂದು ಗುರುವಾರ, ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಅಡುಗೆಮನೆಯಿಂದ ದಡ್ ಎಂಬ ಸದ್ದು. ಓಡಿದೆ. ಶಶಿ ಒಲೆಯ ಪಕ್ಕ ಬಿದ್ದಿದ್ದಳು. ಒಲೆಯ ಮೇಲೆ ಹುಳಿ ಕುದಿಯುತ್ತಿತ್ತು. ಅರ್ಧ ಅಡಿ ಆಚೆ ಬಿದ್ದಿದ್ದರೆ ಅದು ಅವಳ ಮೈಮೇಲೆ ಮಗುಚುತ್ತಿತ್ತು. ನೀರು ಚಿಮುಕಿಸಿ, ಎಬ್ಬಿಸಿ ಕೂರಿಸಿ, ಆಟೋದಲ್ಲಿ ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ತೂಕ ನೋಡಿದರು. ಎಂಬತ್ತೊಂದು. ರಕ್ತ, ಮೂತ್ರ ಪರೀಕ್ಷೆ ಮಾಡಿಸಿದ ಡಾಕ್ಟರು ಕಾಗದ ನೋಡಿ ಕನ್ನಡಕ ತೆಗೆದಿಟ್ಟರು.

"ಏನಮ್ಮ ಇದು? ಇಳಿದಿರೋದು ಬರೀ ಕೊಬ್ಬು ಅಂದ್ಕೊಂಡ್ರಾ? ಅರ್ಧ ನೀರು, ಇನ್ನೊಂದಿಷ್ಟು ಮಾಂಸಖಂಡ. ಹೀಗೆ ಉಪವಾಸ ಮಾಡ್ಕೊಂಡು ಬಂದ್ರೆ ಎಪ್ಪತ್ತೈದು ಆದ್ರೂ ನಾನು ನಿಮ್ಮನ್ನ ಟೇಬಲ್ ಹತ್ತಿಸಲ್ಲ."

ಪಕ್ಕದ ಕಟ್ಟಡದಲ್ಲಿ ನಂದೀಶನ ಡಯಾಲಿಸಿಸ್ ಮುಗಿದಿತ್ತು. ವಿಷಯ ತಿಳಿದು, ತೋಳಿಗೆ ಹತ್ತಿ ಅಂಟಿಸಿಕೊಂಡೇ ಬಂದ. ಅಕ್ಕನ ಹಾಸಿಗೆಯ ತುದಿಯಲ್ಲಿ ಕೂತ.

"ಅಕ್ಕ, ಬೇಡ ಬಿಡು" ಎಂದ. "ನಂಗೆ ನಿನ್ ಕಿಡ್ನಿ ಬೇಡ. ಡಯಾಲಿಸಿಸ್‌ನಲ್ಲೇ ಎಷ್ಟೋ ಜನ ಇದಾರೆ. ನೀನು ಬಿದ್ದೋದ್ರೆ ಅವ್ವಂಗೆ ಯಾರಿದಾರೆ?"

"ಸುಮ್ನಿರೋ."

"ನಾನು ಸುಮ್ನೆ ಹೇಳ್ತಿಲ್ಲ. ಸಹಿ ಹಾಕಲ್ಲ ನಾನು. ನೀನು ಹಸ್ಕೊಂಡು ಕೊಟ್ಟಿದ್ದನ್ನ ಹೊಟ್ಟೇಲಿ ಇಟ್ಕೊಂಡು ಹೆಂಗೆ ಇರ್ಲಿ?"

ಶಶಿ ಗೋಡೆಯ ಕಡೆ ತಿರುಗಿ ಮಲಗಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಡಾಕ್ಟರು ಹೋಗುವ ಮುಂಚೆ ಹೇಳಿದರು, "ಕೆಳಗೆ ಲಾಸ್ಯಾ ಅಂತ ಡಯಟಿಷಿಯನ್ ಇದಾರೆ. ಮೊದಲೇ ಕಳಿಸಬೇಕಿತ್ತು, ನನ್ನದೂ ತಪ್ಪು. ಸುಧಾರಿಸಿಕೊಂಡ ಮೇಲೆ ಅವರನ್ನ ನೋಡಿ."

ಎರಡು ವಾರ ಬಿಟ್ಟು ಹೋದೆವು. ಅಷ್ಟರಲ್ಲಿ ಮಾಮೂಲಿ ಊಟಕ್ಕೆ ಮರಳಿ ಮೂರು ಕೆಜಿ ವಾಪಸ್ ಬಂದು ಎಂಬತ್ತನಾಲ್ಕಾಗಿತ್ತು. ಲಾಸ್ಯಾ ಮೂವತ್ತರೊಳಗಿನ ಹುಡುಗಿ, ಸಣ್ಣ ದನಿ. ಬೈಯುತ್ತಾಳೆಂದು ಶಶಿ ತಲೆ ತಗ್ಗಿಸಿ ಕೂತಿದ್ದಳು. ಲಾಸ್ಯಾ ಬೈಯಲಿಲ್ಲ. "ನಿನ್ನೆ ಬೆಳಗ್ಗೆ ಎದ್ದಾಗಿಂದ ಮಲಗೋವರೆಗೂ ಏನೇನು ಬಾಯಿಗೆ ಹೋಯ್ತು, ಹೇಳಿ" ಎಂದಳು.

"ಎರಡು ಹೊತ್ತು ಊಟ ಮೇಡಂ. ಮುದ್ದೆ, ಅನ್ನ, ಸಾರು. ಬೇರೆ ಏನಿಲ್ಲ."

"ಕಾಫಿ?"

"ಅದು ಕುಡೀತೀನಿ. ನಾಲ್ಕು... ಐದು ಸಲ."

"ಸಕ್ಕರೆ?"

"ಎರಡೆರಡು ಚಮಚ."

"ಅಡುಗೆ ಮಾಡುವಾಗ ರುಚಿ ನೋಡಲ್ವಾ?"

ಶಶಿ ನನ್ನ ಕಡೆ ನೋಡಿದಳು. ನಾನೇ ಹೇಳಿದೆ, "ಪಾತ್ರೆ ತಳದಲ್ಲಿ ಉಳಿದಿದ್ದನ್ನೂ ತಿಂತಾಳೆ. ನಾನೇ ಹೇಳಿರೋದು."

ಲಾಸ್ಯಾ ಒಂದೊಂದನ್ನೇ ಬರೆದುಕೊಂಡಳು. ಒಂದು ಲೋಟ ಕಾಫಿಗೆ ಸುಮಾರು ಎಂಬತ್ತು ಕ್ಯಾಲೊರಿ, ಐದಕ್ಕೆ ನಾನೂರು. ಎರಡು ಸೌಟು ಚಿತ್ರಾನ್ನ, ಕರಿದ ಹಪ್ಪಳದ ಚೂರು, ಪಾಯಸದ ದಿನ ಪಾಯಸ, ಎಲ್ಲ ಸೇರಿ ಇನ್ನೊಂದು ಮುನ್ನೂರು, ಮುನ್ನೂರೈವತ್ತು. ನಿಂತು ತಿಂದದ್ದು, ನಿಂತು ಕುಡಿದದ್ದೇ ಏಳುನೂರು ದಾಟಿತು.

"ಕ್ಯಾಲೊರಿ ಅಂದ್ರೆ ಊಟದಿಂದ ಮೈಗೆ ಸಿಗೋ ಶಕ್ತಿಯ ಅಳತೆ, ಅಷ್ಟೇ" ಎಂದಳು ಲಾಸ್ಯಾ. "ನಿಮ್ಮ ವಯಸ್ಸು, ಎತ್ತರ, ತೂಕ, ದಿನವಿಡೀ ನಿಂತು ಮಾಡೋ ಕೆಲಸ ಎಲ್ಲ ನೋಡಿದ್ರೆ, ದಿನಕ್ಕೆ ಸುಮಾರು ಎರಡು ಸಾವಿರದ ನೂರು ತಿಂದ್ರೆ ನಿಮ್ಮ ತೂಕ ಹೀಗೇ ಇರುತ್ತೆ. ಅದರಲ್ಲಿ ಐನೂರು ಕಡಿಮೆ ಮಾಡೋಣ. ಸಾವಿರದ ಆರುನೂರು. ವಾರಕ್ಕೆ ಅರ್ಧ ಕೆಜಿ ಹತ್ರ ಇಳಿಯುತ್ತೆ."

"ಅರ್ಧಾನಾ?" ಶಶಿಯ ಮುಖ ಸಪ್ಪಗಾಯಿತು. "ಒಂಬತ್ತು ಕೆಜಿಗೆ ನಾಲ್ಕೈದು ತಿಂಗಳಾಗುತ್ತಲ್ಲ ಮೇಡಂ. ಸಾವಿರ ತಿಂದ್ರೆ?"

"ನಿಂಬೆನೀರು, ಸೌತೆಕಾಯಿ ದಿನಗಳಲ್ಲಿ ನೀವು ತಿಂತಿದ್ದಿದ್ದು ಇನ್ನೂರೋ ಮುನ್ನೂರೋ. ಏನಾಯ್ತು ಅಂತ ನಿಮಗೇ ಗೊತ್ತು. ಹೆಂಗಸರು ಸಾವಿರದ ಇನ್ನೂರಕ್ಕಿಂತ ಕೆಳಗೆ ಡಾಕ್ಟರ್ ಕಣ್ಗಾವಲಿಲ್ಲದೆ ಹೋಗ್ಲೇಬಾರದು. ನಿಮ್ಮ ಮೈಕಟ್ಟಿಗೆ, ಕೆಲಸಕ್ಕೆ ಅದೂ ಸಾಲಲ್ಲ. ಇನ್ನೊಂದು ಮಾತು. ಇದು ನಿಮಗೆ ಅಂತ ಹಾಕಿದ ಲೆಕ್ಕ. ವಾರ್ಡನ್ ಮೇಡಂ ನಿಮ್ಮನ್ನ ನೋಡಿ ಇದನ್ನೇ ಹಿಡಿಯೋ ಹಾಗಿಲ್ಲ." ನಾನು ಮನಸ್ಸಿನಲ್ಲೇ ಅದನ್ನು ಹಿಡಿಯಲು ಹೊರಟಿದ್ದೆ. ಆ ಯೋಚನೆ ಬಿಟ್ಟೆ.

ಶಶಿ ಆ ಕಾಗದವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಅವಳ ಮುಖದಲ್ಲಿ ನನಗೆ ಪರಿಚಯವಿದ್ದ ಕಳೆ ಬಂತು. ಪ್ರತಿದಿನ ಉಗ್ರಾಣದಿಂದ ದಿನಸಿ ತೆಗೆಯಲು ಅವಳು ಬರೆದುಕೊಡುವ ಇಂಡೆಂಟ್ ಚೀಟಿ ಹಿಡಿದಾಗಿನ ಕಳೆ. "ಅಂದ್ರೆ ಒಬ್ಬಳಿಗೆ ಇಂಡೆಂಟ್ ಹಾಕ್ಬೇಕು, ಅಷ್ಟೇ ತಾನೆ?" ಎಂದಳು.

"ಅಷ್ಟೇ" ಎಂದು ಲಾಸ್ಯಾ ನಕ್ಕಳು.

ಅವಳು ನಿಜಕ್ಕೂ ಹಾಗೇ ಮಾಡಿದಳು. ಬೆಳಗ್ಗೆ ಮೂರು ಇಡ್ಲಿ, ಒಂದು ಬೇಯಿಸಿದ ಮೊಟ್ಟೆ. ಮಧ್ಯಾಹ್ನ ಒಂದು ಮುದ್ದೆ, ಕೈತುಂಬ ಸೊಪ್ಪಿನ ಪಲ್ಯ, ಕಾಳಿನ ಸಾರು, ಮಜ್ಜಿಗೆ. ಸಂಜೆ ಒಂದು ಸೀಬೆಹಣ್ಣು ಅಥವಾ ಒಂದು ಹಿಡಿ ಹುರಿಗಡಲೆ. ರಾತ್ರಿ ಒಂದು ಬಟ್ಟಲು ಅನ್ನ, ಬೇಳೆ, ತರಕಾರಿ. ಭಾನುವಾರ ಕೋಳಿಸಾರು ಬಿಡಲಿಲ್ಲ, ಅದರ ಎಣ್ಣೆ ಕಡಿಮೆ ಮಾಡಿದಳು. ಕಾಫಿ ಎರಡಕ್ಕೆ ಇಳಿಯಿತು, ಸಕ್ಕರೆ ಅರ್ಧ ಚಮಚಕ್ಕೆ. ಮೊದಲ ನಾಲ್ಕು ದಿನ ಆ ಕಾಫಿ ಕುಡಿಯುವಾಗ ಅವಳ ಮುಖ ನೋಡುವ ಹಾಗಿರಲಿಲ್ಲ. ಕುಳಿತು ತಿನ್ನುವುದನ್ನೂ ಕಲಿತಳು. ಹನ್ನೆರಡು ವರ್ಷದಿಂದ ಆ ಅಡುಗೆಮನೆಯಲ್ಲಿ ಅವಳಿಗೆಂದು ಒಂದು ಕುರ್ಚಿ ಇರಲಿಲ್ಲ ಎಂಬುದು ಆಗ ನನಗೆ ಹೊಳೆಯಿತು. ಆಫೀಸಿನಿಂದ ಒಂದನ್ನು ಕಳಿಸಿಕೊಟ್ಟೆ. ಉಳಿದ ಅನ್ನವನ್ನು ಪಕ್ಕದ ರಸ್ತೆಯಲ್ಲಿ ಹಸು ಕಟ್ಟಿದವರು ಬಂದು ಒಯ್ಯುವ ಏರ್ಪಾಡಾಯಿತು.

ಕಷ್ಟ ಬಂದದ್ದು ಮನೆಯಲ್ಲಿ. ಮಾರಕ್ಕನಿಗೆ ಮಗಳ ತಟ್ಟೆಯಲ್ಲಿ ಒಂದೇ ಮುದ್ದೆ ಕಂಡರೆ ಕರುಳು ಕಿತ್ತು ಬರುತ್ತಿತ್ತು. ಒಮ್ಮೆ ನಾನೂ ಆ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಮಾರಕ್ಕ ಎರಡನೇ ಮುದ್ದೆಯನ್ನು ಮಗಳ ತಟ್ಟೆಗೆ ಇಟ್ಟೇಬಿಟ್ಟರು.

"ಬೇಡ ಕಣವ್ವ."

"ತಿನ್ನೇ. ಒಬ್ಬ ನೋಡಿದ್ರೆ ಹಂಗವ್ನೆ, ನೀನು ನೋಡಿದ್ರೆ ಹಿಂಗೆ. ನಾನು ಯಾರಿಗ್ ಉಣ್ಣಕ್ ಇಕ್ಲಿ?"

ಶಶಿ ಮುದ್ದೆಯನ್ನು ಎತ್ತಿ ಪಾತ್ರೆಗೆ ಹಾಕಿದಳು. ಜಗಳವಾಡಲಿಲ್ಲ. "ಅವ್ವ, ನಾನು ಹಸ್ಕೊಂಡಿಲ್ಲ. ಬೆಳಗ್ಗೆ ಮೊಟ್ಟೆ ತಿಂದೆ, ಈಗ ಇಷ್ಟು ಸೊಪ್ಪು ತಿಂದೆ. ನಿಂಗೆ ಏನಾದ್ರೂ ಮಾಡ್ಲೇಬೇಕು ಅನ್ಸಿದ್ರೆ ನಾಳೆಯಿಂದ ನನ್ ಜೊತೆ ವಾಕಿಂಗ್ ಬಾ" ಎಂದಳು.

ಎಪ್ಪತ್ತರ ಹತ್ತಿರದ ಮಾರಕ್ಕ ಸೆರಗು ಸಿಕ್ಕಿಸಿಕೊಂಡು ಮಾರನೆಯ ಬೆಳಗ್ಗೆ ಹೊರಟೇಬಿಟ್ಟರು. ತಾಯಿ ಮಗಳು ಇಬ್ಬರೂ ಆರಕ್ಕೆ ಎದ್ದು ಬುಲ್ ಟೆಂಪಲ್ ರಸ್ತೆಯಲ್ಲಿ ರಾಮಕೃಷ್ಣ ಆಶ್ರಮದವರೆಗೆ ನಡೆದು ಬರುತ್ತಿದ್ದರು. ಮಾರಕ್ಕ ದಾರಿಯುದ್ದಕ್ಕೂ ಯಾವ ಬೀದಿ ಸರಿಯಾಗಿ ಗುಡಿಸಿಲ್ಲ ಎಂದು ಹೇಳುತ್ತಾ ಬರುವರಂತೆ. ಮೂರು ತಿಂಗಳಿಗೆ ಅವರ ಸಕ್ಕರೆಯೂ ಕೊಂಚ ಹತೋಟಿಗೆ ಬಂತು.

ಎಂಬತ್ತನಾಲ್ಕು, ಎಂಬತ್ತಮೂರೂವರೆ, ಎಂಬತ್ತೆರಡು ಮುಕ್ಕಾಲು. ಪ್ರತಿ ಸೋಮವಾರ ಆಸ್ಪತ್ರೆಗೆ ಹೋಗಿ ಯಂತ್ರದ ಮೇಲೆ ನಿಂತು ಬರುವಳು. ಡಿಸೆಂಬರಿನ ಹೊತ್ತಿಗೆ ಎಪ್ಪತ್ತೊಂಬತ್ತಕ್ಕೆ ಬಂದು ಮುಳ್ಳು ನಿಂತುಬಿಟ್ಟಿತು. ಒಂದು ವಾರ, ಎರಡು ವಾರ, ನಾಲ್ಕು ವಾರ. ಅದೇ ಎಪ್ಪತ್ತೊಂಬತ್ತು. ಆ ಸಮಯಕ್ಕೇ ನಂದೀಶನಿಗೆ ಡಯಾಲಿಸಿಸ್ ಸೂಜಿ ಚುಚ್ಚುವ ಜಾಗದಲ್ಲಿ ಸೋಂಕಾಗಿ, ಜ್ವರ ಬಂದು ಹತ್ತು ದಿನ ಆಸ್ಪತ್ರೆಯಲ್ಲಿ ಮಲಗಿದ. ಅವನ ಕೆನ್ನೆ ಒಳಗೆ ಹೋಗಿತ್ತು. ಅವನನ್ನು ನೋಡಿ ಬಂದ ದಿನ ಶಶಿ ಊಟದ ತಟ್ಟೆಯನ್ನು ಹಾಗೇ ಸರಿಸಿದಳು.

"ನಾಳೆಯಿಂದ ಬರೀ ನೀರು ಮೇಡಂ. ಹದಿನೈದು ದಿನ. ಬಿದ್ರೆ ಬೀಳ್ತೀನಿ."

ನಾನು ವಾದ ಮಾಡಲಿಲ್ಲ. ಲಾಸ್ಯಾಗೆ ಫೋನ್ ಮಾಡಿ ಕೊಟ್ಟೆ. ಆ ಹುಡುಗಿಯ ಸಣ್ಣ ದನಿ ಅವತ್ತು ಗಡುಸಾಗಿತ್ತು. ನನಗೂ ಕೇಳಿಸುತ್ತಿತ್ತು.

"ಶಶಿಕಲಾ ಅವರೇ, ನೀವು ಈಗ ಹಸಿದ್ರೆ ನಿಮ್ಮ ಟೆಸ್ಟ್ ಎಲ್ಲ ಮತ್ತೆ ಕೆಡುತ್ತೆ, ಎರಡು ತಿಂಗಳು ಹಿಂದಕ್ಕೆ ಹೋಗ್ತೀರಿ. ತೂಕ ಇಳಿದ ಹಾಗೆಲ್ಲ ಮೈ ಕಡಿಮೆ ಖರ್ಚು ಮಾಡುತ್ತೆ, ಹೀಗೆ ನಿಲ್ಲೋದು ಸಹಜ. ನೂರು ಕಡಿಮೆ ಮಾಡಿ, ಸಾವಿರದ ಐನೂರು ತಿನ್ನಿ. ಅದಕ್ಕಿಂತ ಕಡಿಮೆ ತಿಂದ್ರೆ ನನ್ನ ಹತ್ರ ಬರಬೇಡಿ. ನಡಿಗೆ ಹದಿನೈದು ನಿಮಿಷ ಜಾಸ್ತಿ ಮಾಡಿ. ನಿದ್ದೆ ಮಾಡ್ತಿದೀರಾ?"

ನಿದ್ದೆ ಮಾಡುತ್ತಿರಲಿಲ್ಲ. ಆಸ್ಪತ್ರೆ, ಹಾಸ್ಟೆಲ್, ಮನೆ ಎಂದು ಓಡಾಡುತ್ತಾ ನಾಲ್ಕು ಗಂಟೆ ಮಲಗಿದರೆ ಹೆಚ್ಚು. ನಾನು ಒಂದು ತಿಂಗಳ ಮಟ್ಟಿಗೆ ಬೆಳಗಿನ ತಿಂಡಿಗೆ ಬೇರೆಯವರನ್ನು ಹಾಕಿಸಿದೆ. ಶಶಿ ಫೋನ್ ಇಟ್ಟು ಸರಿಸಿದ್ದ ತಟ್ಟೆಯನ್ನು ಎಳೆದುಕೊಂಡಳು. ಅಳುತ್ತಲೇ ಊಟ ಮಾಡಿದಳು, ಪೂರ್ತಿ ಮಾಡಿದಳು. ನಾನು ಅವಳಲ್ಲಿ ಕಂಡ ದೊಡ್ಡ ಧೈರ್ಯ ಅದು. ಪ್ರೀತಿಗಾಗಿ ಹಸಿದಿರುವುದು ನಮ್ಮ ಹೆಂಗಸರಿಗೆ ಹುಟ್ಟಿನಿಂದ ಬರುತ್ತದೆ. ಪ್ರೀತಿಗಾಗಿ ಹೊತ್ತಿಗೆ ಸರಿಯಾಗಿ ಉಣ್ಣುವುದನ್ನು ಅವಳು ಕಷ್ಟಪಟ್ಟು ಕಲಿತಳು.

ಐದನೇ ವಾರ ಮುಳ್ಳು ಕದಲಿತು. ನಂದೀಶನೂ ಚೇತರಿಸಿಕೊಂಡು ಮನೆಗೆ ಬಂದ. ಮಾರ್ಚ್ ತಿಂಗಳ ಎರಡನೇ ಸೋಮವಾರ ಶಶಿ ಯಂತ್ರದ ಮೇಲೆ ನಿಂತಾಗ ಎಪ್ಪತ್ತನಾಲ್ಕು ಮುಕ್ಕಾಲು ತೋರಿಸಿತು. ಇಳಿದು, ಚಪ್ಪಲಿ ಹಾಕಿಕೊಂಡು, ನಂಬಿಕೆ ಬರದೆ ಚಪ್ಪಲಿ ಬಿಟ್ಟು ಮತ್ತೆ ಹತ್ತಿದಳು. ಡಾಕ್ಟರು ಎಲ್ಲ ಪರೀಕ್ಷೆಗಳನ್ನೂ ಮತ್ತೆ ಮಾಡಿಸಿದರು. ಸಕ್ಕರೆ ಗಡಿಯಿಂದ ಹಿಂದೆ ಸರಿದಿತ್ತು, ಬಿಪಿ ಸರಿಯಿತ್ತು. "ಈಗ ನೀವು ಕೊಡಬಹುದು" ಎಂದರು.

ನಂದೀಶ ಆಗಲೂ ಹಿಂದೇಟು ಹಾಕಿದ. ಅಕ್ಕ ಅವನ ಮುಂದೆ ಪರೀಕ್ಷೆಯ ಕಾಗದಗಳನ್ನು ಹರವಿದಳು. "ನೋಡು, ಹೋದ ವರ್ಷದ್ದು, ಈ ವರ್ಷದ್ದು. ನಾನು ಹಸ್ಕೊಂಡು ಬಂದಿದೀನಾ, ಉಂಡು ಬಂದಿದೀನಾ? ನೀನೇ ಹೇಳು." ಅವನು ಎರಡನ್ನೂ ಓದಿ ಸಹಿ ಹಾಕಿದ.

ಕಾಗದಪತ್ರಗಳೆಲ್ಲ ಮುಗಿದು ಏಪ್ರಿಲ್ ಕೊನೆಯಲ್ಲಿ ಆಪರೇಷನ್ ಆಯಿತು. ಮಾರಕ್ಕ ಮತ್ತು ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಮಾರಕ್ಕ ನನ್ನ ಕೈ ಹಿಡಿದುಕೊಂಡಿದ್ದರು, ಬೆರಳು ಜೋಮು ಹಿಡಿಯುವಷ್ಟು. ಮಧ್ಯಾಹ್ನ ಡಾಕ್ಟರು ಹೊರಬಂದು, ಕಿಡ್ನಿ ಅಲ್ಲೇ ಕೆಲಸ ಶುರು ಮಾಡಿತು ಎಂದರು. ಶಶಿ ಮಾರನೆಯ ದಿನವೇ ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆದಳು. ನಡೆದು ಅಭ್ಯಾಸವಿದ್ದ ಮೈ, ಬೇಗ ಎದ್ದುಕೊಂಡಿತು ಎಂದರು ನರ್ಸು. ನಂದೀಶನಿಗೆ ನೀರು ಕುಡಿಯಲು ಹೇಳಿದ ದಿನ ಅವನು ದೊಡ್ಡ ಲೋಟದ ತುಂಬ ನೀರು ತೆಗೆದುಕೊಂಡು, ಒಂದೊಂದೇ ಗುಟುಕಾಗಿ, ನಗುತ್ತಾ ಕುಡಿದ.

ಇದೆಲ್ಲ ಆಗಿ ಒಂದು ವರ್ಷದ ಮೇಲಾಗಿದೆ. ನಂದೀಶ ಅಂಗಡಿಗೆ ಹೋಗುತ್ತಾನೆ, ಮಾತ್ರೆ ತಪ್ಪಿಸುವುದಿಲ್ಲ. ಶಶಿಯ ತೂಕ ಎಪ್ಪತ್ತೆರಡಕ್ಕೆ ಬಂದು ನಿಂತಿದೆ. ಇನ್ನು ಇಳಿಸಬೇಕಾಗಿಲ್ಲ, ಉಳಿಸಿಕೊಂಡರೆ ಸಾಕು, ಸಾವಿರದ ಒಂಬೈನೂರರವರೆಗೆ ತಿನ್ನಬಹುದು ಎಂದು ಲಾಸ್ಯಾ ಹೇಳಿದ್ದಾಳೆ. ಹೆಚ್ಚಿಗೆ ಸಿಕ್ಕಿದ್ದರಲ್ಲಿ ಮೊದಲು ವಾಪಸ್ ಬಂದದ್ದು ಮೂರನೇ ಲೋಟದ ಕಾಫಿ. ಒಂದು ಹಬ್ಬದಲ್ಲಿ ಎರಡು ಕೆಜಿ ಏರಿತ್ತು. ಗಾಬರಿಯಾಗದೆ ಎರಡು ತಿಂಗಳಲ್ಲಿ ಇಳಿಸಿಕೊಂಡಳು.

ಹೋದ ತಿಂಗಳು ಮತ್ತಿಕೆರೆಯಿಂದ ವೆಂಕಟಪ್ಪ ಎಂಬುವವರು ಹಾಸ್ಟೆಲ್ಲಿನ ಗೇಟಿಗೆ ಬಂದರು. ಮಗಳಿಗೆ ಕಿಡ್ನಿ ಕೊಡಬೇಕು, ಡಾಕ್ಟರು ಹದಿನಾಲ್ಕು ಕೆಜಿ ಇಳಿಸಿ ಎಂದಿದ್ದಾರೆ. ಲಾಸ್ಯಾ ಲೆಕ್ಕ ಹಾಕಿಕೊಟ್ಟಿದ್ದಳು, ಜೊತೆಗೆ ಶಶಿಯನ್ನು ಒಮ್ಮೆ ನೋಡಿ ಬನ್ನಿ ಎಂದೂ ಕಳಿಸಿದ್ದಳು. ಆ ಮನುಷ್ಯರ ತುಟಿ ಒಣಗಿತ್ತು.

"ನಿನ್ನೆಯಿಂದ ಏನೂ ತಿಂದಿಲ್ಲಮ್ಮ" ಎಂದರು, ಹೆಮ್ಮೆಯಿಂದಲೇ. "ಬೇಗ ಇಳೀಲಿ ಅಂತ."

ಶಶಿ ಗೇಟು ಪೂರ್ತಿ ತೆರೆದಳು. "ಒಳಗ್ ಬನ್ನಿ ಅಣ್ಣ. ನಾನೂ ಹಂಗೇ ಮಾಡಿ ಇದೇ ಅಡುಗೆಮನೇಲಿ ಬಿದ್ದಿದ್ದೆ. ಎರಡು ಇಡ್ಲಿ ತಿನ್ನಿ ಮೊದ್ಲು, ಆಮೇಲೆ ಆ ಕಾಗದ ಕೊಡಿ, ಇಬ್ರೂ ಕೂತ್ಕೊಂಡು ನೋಡೋಣ."

ಅರ್ಧ ಗಂಟೆ ಕೂತು ಅವರಿಗೆ ಒಂದು ವಾರದ ಊಟವನ್ನು ಬರೆದುಕೊಟ್ಟಳು. ನಿನ್ನೆ ಅವರ ಫೋನ್ ಬಂದಿತ್ತು. ಎರಡು ಕೆಜಿ ಇಳಿದಿದ್ದಾರಂತೆ, ಹಸಿದಲ್ಲ, ಉಂಡೇ ಇಳಿಸಿದೆ ಎಂದು ಮಗಳಿಗೂ ಹೇಳಿದರಂತೆ.